ಎಡಗೈಗೆ ಬಗ್ಗದ ಡಬ್ಬಿ

ಗುರುವಾರ, ಮಾರ್ಚ್ ಹದಿನಾಲ್ಕು.

ಡಬ್ಬಿ ಇನ್ನೂ ತಲೆ ತಿನ್ನುತ್ತಿದೆ. ನಾಳೆ ನಾನೊಬ್ಬಳೇ ಬೆಟ್ಟ ಹತ್ತಲು ಅಮ್ಮ ಒಪ್ಪಿದ್ದು ಇದನ್ನು ನಂಬಿ. ಜೇಬಿನಲ್ಲಿ ಕೂರುವ ಪೆಪ್ಪರಮೆಂಟಿನ ಡಬ್ಬಿಯೊಳಗೆ ಆಪತ್ತಿಗೆ ಬೇಕಾಗುವ ಮೇಣ ಹಚ್ಚಿದ ಬೆಂಕಿಕಡ್ಡಿ, ಸೂಜಿದಾರ, ಸೀಟಿ, ಬ್ಲೇಡು ಎಲ್ಲ ಹಿಡಿಸಿದ್ದೆ. ನೀರು ಇಳಿಯದಂತೆ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ರಬ್ಬರು ಬಿಗಿದೆ. ಬಕೆಟ್ಟಿನಲ್ಲಿ ಮುಳುಗಿಸಿದರೂ ಒಳಗೆ ಒಂದು ಹನಿ ಇಲ್ಲ. ಹಿಗ್ಗಿ ಹೀರೇಕಾಯಿಯಾದೆ.

ಅಜ್ಜಿ ಬಂದು ನನ್ನ ಬಲಗೈಯನ್ನು ಬೆನ್ನ ಹಿಂದೆ ಮಡಚಿ ಹಿಡಿದಳು.

"ಬಿದ್ದು ಕೈ ಮುರ್ಕೊಂಡಿದೀಯ ಅಂದ್ಕೋ. ಈಗ ತೆಗಿ ನೋಡೋಣ, ಶಾಲೆ ಬಿಟ್ಟ ಪಂಡಿತೆ!"

ಎಡಗೈ, ಹಲ್ಲು, ಮೊಣಕಾಲು ಎಲ್ಲ ಸೇರಿದರೂ ರಬ್ಬರು ಜಗ್ಗಲಿಲ್ಲ.

"ಕತ್ತರಿಸ್ತೀನಿ ಬಿಡಜ್ಜಿ."

"ಯಾವುದ್ರಲ್ಲೇ?"

ಬ್ಲೇಡು ಡಬ್ಬಿಯೊಳಗಿತ್ತು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಕೂಗಿದಳು: "ಡಬ್ಬಿ ಸರಿಯಾಯ್ತೇನೇ? ಧೈರ್ಯವಾಗಿ ಕಳಿಸ್ಬಹುದಾ?"

ಅಜ್ಜಿ ಕಣ್ಣು ಮಿಟುಕಿಸಿದಳು. ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ಲಮ್ಮ" ಅಂದೆ.

"ಹಾಗಾದ್ರೆ ಬೆಟ್ಟಾನೂ ಇಲ್ಲ."

ನಿಜ ಹೇಳಿದವಳಿಗೆ ನಿದ್ದೆ ಬರುತ್ತದೆ ಅನ್ನುತ್ತಾರೆ. ಸುಳ್ಳು. ಹೊರಳಿ ಹೊರಳಿ ಹಾಸಿಗೆ ಮುದ್ದೆಯಾಗಿದೆ. ರಬ್ಬರಿನ ಬದಲು ಟೇಪು ಸುತ್ತಿ, ತುದಿ ಮಡಚಿಟ್ಟರೆ ಹಲ್ಲಿನಿಂದ ಎಳೆಯಬಹುದು. ದೀಪ ಹಾಕಿದರೆ ಅಮ್ಮ ಏಳುತ್ತಾಳೆ. ಏಳಲಿ, ಅವಳ ಎದುರೇ ಎಡಗೈಯಲ್ಲಿ ತೆಗೆದು ತೋರಿಸುತ್ತೇನೆ.