ಅಪ್ಪನ ಹಿಂದೆ ಚೆಲ್ಲದ ನೀರು

ಅಮ್ಮಾ,

ನಿನಗೆ ಒಳ್ಳೆ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ಹನ್ನೊಂದು ಜನ ಪ್ರವಾಸಿಗರನ್ನು ನಡೆಸಿಕೊಂಡು ಕಾಶ್ ಊರಿನ ಕಡೆಯ ಕಡಲ ದಾರಿ ಹಿಡಿದಿದ್ದೇನೆ. ಐದನೇ ದಿನ ಬೆಟ್ಟ ಇಳಿದು ಬರುತ್ತೇನೆ. ಅಪ್ಪ ಜಾರಿ ಕಡಲಿಗೆ ಬಿದ್ದ ಬಂಡೆಯ ಹತ್ತಿರ ಹೋಗುವುದಿಲ್ಲ, ಮೇಲಿನ ಆಡಿನ ಹಾದಿಯಲ್ಲೇ ಎಲ್ಲರನ್ನೂ ದಾಟಿಸುತ್ತೇನೆ. ಸುಮ್ಮನೆ ಎದೆ ಹಿಡಿದುಕೊಂಡು ಕೂರಬೇಡ.

ಮೊಣಕಾಲು ನೋವೆಂದು ಉಳಿದುಕೊಂಡ ಜರ್ಮನ್ ಅಜ್ಜಿ ಹಿಂದಿನ ಕೋಣೆಯಲ್ಲಿದ್ದಾರೆ. ಒಲೆಯ ಮೇಲಿನ ಬೇಳೆ ಸೂಪು ಬಿಸಿ ಮಾಡಿ ಕೊಡು, ಜೊತೆಗೆ ಆಲಿವ್ ಇಡು. ಅವರ ಮುಂದೆ ಅಪ್ಪನ ಕಥೆ ತೆಗೆದು ಅಳಬೇಡ. ನಿನ್ನ ಮಾತ್ರೆ ಚಹಾ ಡಬ್ಬಿಯ ಪಕ್ಕದಲ್ಲಿದೆ, ಕಾಣಲಿಲ್ಲ ಅನ್ನಬೇಡ.

ಎದ್ದ ಕೂಡಲೇ ನಾನು ಹೋದ ದಾರಿಗೆ ಒಂದು ಚೊಂಬು ನೀರು ಚೆಲ್ಲು. "ನೀರಿನ ಹಾಗೆ ಹೋಗ್ಲಿ, ನೀರಿನ ಹಾಗೇ ಬರ್ಲಿ" ಅಂತ ಹೊರಟವರಿಗೆಲ್ಲ ಚೆಲ್ಲುವವಳು ನೀನು, ಕಳೆದ ವರ್ಷ ಅಪ್ಪ ಕೊನೆಯ ಸಲ ಹೊರಟ ಆ ಒಂದು ದಿನ ಅವನ ಮೇಲೆ ಮುನಿಸಿಕೊಂಡು ಚೊಂಬು ಮುಟ್ಟಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಖಾಲಿ ದಾರಿಗೆ ಚೆಲ್ಲುತ್ತಿದ್ದೀಯ.

ಇನ್ನು ಅಪ್ಪನಿಗೆ ಚೆಲ್ಲುವುದು ಬೇಡಮ್ಮಾ. ಇವತ್ತು ನಾನು ಹೊರಡುವಾಗ ಚೊಂಬು ಒಣಗಿಯೇ ಇತ್ತು, ಹೊಸ್ತಿಲು ಮಾತ್ರ ಒದ್ದೆಯಾಗಿತ್ತು. ಅಲ್ಲಿಂದ ನಿನ್ನ ಹಾಸಿಗೆಯವರೆಗೆ ಬೂಟಿನ ಒದ್ದೆ ಹೆಜ್ಜೆಗಳು ಬಂದಿದ್ದವು. ಅಪ್ಪನ ಹಾಗೆ ಎಡಗಾಲು ಎಳೆದುಕೊಂಡು ನಡೆದ ಗುರುತು ನನಗೆ ಗೊತ್ತಾಗದೆ ಇರುತ್ತದೆಯೇ? ನಾನು ಒರೆಸಿಲ್ಲ.

ತಿರುಗಿ ಹೋದ ಹೆಜ್ಜೆ ಒಂದೂ ಇರಲಿಲ್ಲ.

ಗುಲ್ಸುಮ್