ನಾಲ್ಕರಲ್ಲಿ ಎರಡು

ಫೆಬ್ರವರಿ ೩, ಬೆಳಿಗ್ಗೆ ೧೦-೨೦

ರೆಂಡರ್ ಹಾಕಿ ಎದ್ದಾಗ ಇಪ್ಪತ್ತೆರಡು ಪರ್ಸೆಂಟ್. ಒಂದು ಬಕೆಟ್ ಬಟ್ಟೆ ಒಗೆದು, ಹಿಂಡಿ, ಒಣಹಾಕಿ, ಕ್ಲಿಪ್ಪು ಸಿಕ್ಕಿಸಿ ಬಂದೆ. ಇನ್ನೂ ಅರವತ್ತು. ಒಂದು ಮಂಚ, ಒಂದು ಕಿಟಕಿ, ಗೋಡೆಯುದ್ದ ಕಪಾಟು — ಇಷ್ಟು ಇರುವ ಕೋಣೆಯನ್ನು ಚಿತ್ರ ಮಾಡಿ ಕೊಡಲು ನನ್ನ ಕಂಪ್ಯೂಟರ್‌ಗೆ ಐವತ್ತು ನಿಮಿಷ. ನಡುವೆ ಮೌಸ್ ಮುಟ್ಟಿದರೆ ಮುನಿಸಿಕೊಂಡು ನಿಂತೇ ಬಿಡುತ್ತದೆ.

ಎದುರು ಮನೆಯ ಮಹಡಿಯಲ್ಲಿ ತಂಗಿ ಇದೇ ಕೆಲಸವನ್ನು ಹದಿನೈದು ನಿಮಿಷದಲ್ಲಿ ಮುಗಿಸುತ್ತಾಳೆ. ಇಲ್ಲಿಂದಲೇ ಕಾಣುತ್ತದೆ. ಕಾಲ ಮೇಲೆ ಕಾಲು ಹಾಕಿಕೊಂಡು ಉಗುರು ಕತ್ತರಿಸಿಕೊಳ್ಳುತ್ತಿದ್ದಾಳೆ ಮಹಾರಾಣಿ.

ಈ ಕೆಲಸ ಅವಳಿಗೆ ಕಲಿಸಿದ್ದು ಯಾರು? ನಾನು. ಆರು ವರ್ಷದ ಹಿಂದೆ ಒಂದೇ ಅಂಗಡಿಯಿಂದ, ಒಂದೇ ವ್ಯಾನಿನಲ್ಲಿ, ಒಂದೇ ಥರದ ಎರಡು ಕಂಪ್ಯೂಟರ್ ತಂದೆವು. ಹೋದ ವರ್ಷ ಅವಳು ತನ್ನದಕ್ಕೆ ಏನೇನೋ ಹಾಕಿಸಿದಳು. ನನ್ನದು ಇದ್ದ ಹಾಗೇ ಇದೆ. ನಾನೂ ಇದ್ದ ಹಾಗೇ ಇದ್ದೇನೆ.

ಫೆಬ್ರವರಿ ೫

ಕಪಾಟಿನ ಯಜಮಾನರ ಫೋನ್. ನಮ್ಮಿಬ್ಬರಿಗೂ ಕೆಲಸ ಕೊಡುವವರು ಅವರೇ. ಅವರ ಬಡಗಿಗಳು ಮರ ಮುಟ್ಟುವ ಮೊದಲು ನಾವು ಚಿತ್ರ ಮಾಡಿ ಕೊಡಬೇಕು.

“ದೊಡ್ಡ ಲಾಡ್ಜ್ ಒಂದು ಬಂದಿದೆಯಮ್ಮಾ. ನಲವತ್ತು ರೂಮು. ವರ್ಷದ ಕೆಲಸ. ಇಬ್ರಿಗೆ ಹಂಚಿದ್ರೆ ಬಣ್ಣ ಒಂದೇ ಥರ ಬರಲ್ಲ, ಒಬ್ರಿಗೇ ಕೊಡೋದು. ಇಪ್ಪತ್ತನೇ ತಾರೀಕು ಬೆಳಿಗ್ಗೆ ಒಂದು ರೂಮಿನ ಅಳತೆ ಕಳಿಸ್ತೀನಿ. ಇಬ್ರೂ ಮಾಡಿ ಕಳಿಸಿ, ನೋಡೋಣ.”

ಒಬ್ಬರಿಗೇ. ಅಂದರೆ ಎದುರು ಮಹಡಿಗೇ, ಇನ್ನೆಲ್ಲಿಗೆ? ಇದೊಂದು ಕೈತಪ್ಪಿದರೆ ನಾನು ಮತ್ತೆ ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಳ್ಳಬೇಕು. ಅವಳು ಬಂದು ನನ್ನ ಕೈಯಿಂದಲೇ ತಲೆನೋವಿನ ಮಾತ್ರೆ ತೆಗೆದುಕೊಂಡು ಹೋಗುತ್ತಾಳೆ.

ಫೆಬ್ರವರಿ ೬, ಸಂಜೆ

ಬಂದಿದ್ದಳು. ನಾನು ಬಳಸಲು ತಂದಿದ್ದ ತನ್ನ ಅಳತೆ ಟೇಪು ವಾಪಸ್ ಕೇಳಿಕೊಂಡು. ಟೇಪಿನ ಮೇಲೂ ಹಸಿರು ನೇಲ್‌ಪಾಲಿಶ್‌ನಲ್ಲಿ ಒಂದು ಪುಟ್ಟ ಗುಣಾಕಾರ ಚಿಹ್ನೆ. ಅವಳ ಕತ್ತರಿ, ಛತ್ರಿ, ಚಾರ್ಜರ್, ಎಲ್ಲದರ ಮೇಲೂ ಅದೇ. ಚಿಕ್ಕಂದಿನ ಚಟ. ನನಗೆ ಗಿಡ್ಡವಾದ ಫ್ರಾಕು ಅವಳಿಗೆ ಹೋಗುತ್ತಿತ್ತಲ್ಲ, ಕೈಗೆ ಬಂದ ತಕ್ಷಣ ಕಾಲರಿನ ಒಳಗೆ ಹಸಿರು ದಾರದಲ್ಲಿ ಒಂದು ಗುರುತು ಹೊಲಿದು “ಈಗ ಇದು ನಂದು” ಅನ್ನುತ್ತಿದ್ದಳು. ಹೊಸ ಬಟ್ಟೆ ಅಂತ ಅವಳು ಕಂಡಿದ್ದೇ ಹತ್ತನೇ ಕ್ಲಾಸಿನಲ್ಲಿ.

ಹೊರಡುವಾಗ ಹೊಸಿಲಲ್ಲಿ ನಿಂತು ರಾಗ ಎಳೆದಳು.

“ಅಕ್ಕಾ, ಬೇಜಾರು ಮಾಡ್ಕೋಬೇಡ. ನನ್ನ ಮೆಷಿನ್‌ನಲ್ಲಿ ನಾಲ್ಕು ರ್‍ಯಾಮ್ ಇದೆ. ನಿನ್ನವಕ್ಕಿಂತ ದೊಡ್ಡ ಪಟ್ಟಿ. ಎರಡು ನಿಂಗೆ ಹಾಕಿಸ್ಕೊ. ಇಬ್ರೂ ಹೆಚ್ಚುಕಮ್ಮಿ ಸಮ ಆಗ್ತೀವಿ.”

ಮೈಯೆಲ್ಲ ಉರಿದುಹೋಯಿತು.

“ನೀನು ಬಳಸಿ ಬಿಟ್ಟಿದ್ದನ್ನ ಹಾಕ್ಕೊಳೋ ಗತಿ ನಂಗೆ ಬಂದಿಲ್ಲ ಕಣೇ. ಬೇಕಾದ್ರೆ ಹೊಸದೇ ತರಿಸ್ತೀನಿ.”

“ಬಳಸಿದ್ರೆ ಏನಾಯ್ತೇ...”

“ಟೇಪು ಸಿಕ್ತಲ್ಲ? ಹೊರಡು.”

ನಮ್ಮನೆಯವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದರು. ಪೇಪರ್ ತಲೆಕೆಳಗಾಗಿತ್ತು.

ಫೆಬ್ರವರಿ ೮

ಕಂಪ್ಯೂಟರ್ ರಿಪೇರಿಯವರು ಬಂದರು. ನಾವು ಅವರಿಗೆ ಊದುಗೊಳವೆ ಅನ್ನುವುದು. ಯಾವ ರೋಗಕ್ಕೂ ಮೊದಲು ಡಬ್ಬದ ಪಕ್ಕ ಬಿಚ್ಚಿ, ಕೆನ್ನೆ ಉಬ್ಬಿಸಿ ಊದುತ್ತಾರೆ. ಊದಿದರು. ಅವರ ಮೀಸೆ ಬೆಳ್ಳಗಾಯಿತು.

“ಏನಮ್ಮಾ ಇದು, ಹಾಸಿಗೆಗೆ ಆಗೋಷ್ಟು ಹತ್ತಿ ಇದೆ ಒಳಗೆ!”

ನಿಧಾನದ ಹಳೆಯ ಹಾರ್ಡ್ ಡಿಸ್ಕ್ ತೆಗೆದು, ವೇಗದ ಎಸ್‌ಎಸ್‌ಡಿ ಹಾಕಬೇಕಂತೆ. ಅದು ಸುಲಭ. ಕಷ್ಟ ರ್‍ಯಾಮ್‌ದು. ಅದು ಕೆಲಸ ಹರಡಿಕೊಳ್ಳುವ ಮೇಜಿದ್ದ ಹಾಗೆ, ನಿಮ್ಮ ಮೇಜು ತೀರ ಚಿಕ್ಕದು ಅಂದರು. ಎರಡು ಜಾಗ ಖಾಲಿ ಇದೆ, ಆದರೆ ಈ ಕಾಲದ ಮೆಷಿನ್‌ಗೆ ಹೊಂದುವ ಪಟ್ಟಿಗಳು ಈಗ ಬರುವುದೇ ಅಪರೂಪ.

“ತಂಗಿಯವರಿಗೆ ಹೋದ ವರ್ಷ ಹಾಕಿದ್ನಲ್ಲ, ಅವೇ ಕೊನೆ.”

ಕೊನೆಯದೂ ಅವಳಿಗೇ. ಸರಿ.

“ಎಲ್ಲಾದ್ರೂ ಹುಡುಕಿ. ಹೊಸದೇ ಆಗ್ಬೇಕು,” ಅಂದೆ. ಅವರು ಇವರ ಮುಖ ನೋಡಿದರು. ಇವರು ಚಾವಣಿ ನೋಡಿದರು.

ಫೆಬ್ರವರಿ ೧೧, ಸಂಜೆ ೬

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಅನ್ನ ಇಳಿಯುವುದಿಲ್ಲ.

ಪ್ರೆಸ್ಸಿನ ಕೆಲಸ ಮುಗಿಸಿ ಬಂದ ಇವರು ನೇರ ಮನೆಗೆ ಬರಲಿಲ್ಲ. ಎದುರು ಮನೆಯ ಮೆಟ್ಟಿಲು ಹತ್ತಿದರು. ಬಾಗಿಲಲ್ಲೇ ನಿಂತು ಅವಳ ಜೊತೆ ಹತ್ತು ನಿಮಿಷ ಗುಸುಗುಸು. ಅವಳು ನಗುತ್ತ ಏನೋ ಕೊಟ್ಟಳು, ಇವರು ಬ್ಯಾಗಿಗೆ ಹಾಕಿಕೊಂಡರು. ಬಂದ ಮೇಲೆ ಕೇಳಿದೆ.

“ಏನೂ ಇಲ್ವೇ, ಸ್ವಿಚ್ ಕೆಟ್ಟಿದೆ ನೋಡಿ ಭಾವ ಅಂದ್ಲು.”

ನಮ್ಮ ಮನೆಯ ಸ್ವಿಚ್ ಮೂರು ತಿಂಗಳಿಂದ ಕಿಡಿ ಹಾರಿಸುತ್ತಿದೆ. ಅದಕ್ಕೆ ಇವರಿಗೆ ಬಿಡುವಿಲ್ಲ. ಅವಳ ಸ್ವಿಚ್ಚಿಗೆ ಓಡಿದರು. ಕಂಪ್ಯೂಟರ್ ಅವಳದೇ ಚೆಂದ, ಕೆಲಸ ಅವಳದೇ ಚೆಂದ, ಇನ್ನು ಸ್ವಿಚ್ಚೂ ಅವಳದೇ ಚೆಂದ! ತಟ್ಟೆಯನ್ನು ಕುಕ್ಕಿ ಇಟ್ಟೆ.

ಫೆಬ್ರವರಿ ೧೪

ಬಂತು! ಊದುಗೊಳವೆ ಬೆಳಿಗ್ಗೆಯೇ ಬಂದು ಎಲ್ಲ ಹಾಕಿಕೊಟ್ಟರು. ಎಸ್‌ಎಸ್‌ಡಿ ಒಂದು, ರ್‍ಯಾಮ್ ಎರಡು. ನನ್ನನ್ನು ಮಾತ್ರ ಹತ್ತಿರ ಸೇರಿಸಲಿಲ್ಲ. ಇವರಂತೂ ಬಾಗಿಲಿಗೆ ಅಡ್ಡ ನಿಂತು, “ಶಾಕ್ ಹೊಡೆಯುತ್ತೆ, ನೀನು ಟೀ ಮಾಡು ಹೋಗು,” ಅಂದರು. ನನ್ನ ಮೇಲೆ ಇಷ್ಟು ಅಕ್ಕರೆ ಮದುವೆಯಾದ ವರ್ಷವೂ ಇರಲಿಲ್ಲ.

“ಎಲ್ಲಿ ಸಿಕ್ತು?”

“ಸಿಕ್ತಮ್ಮಾ, ಹೇಗೋ,” ಅಂದರು ಊದುಗೊಳವೆ. ಟೀ ಬಾಯಿ ಸುಟ್ಟಿತೋ ಏನೋ, ಲೋಟ ಇಟ್ಟು ಎದ್ದೇ ಬಿಟ್ಟರು.

ಅದೇ ಮಂಚ, ಅದೇ ಕಿಟಕಿ, ಅದೇ ಕಪಾಟು ಹಾಕಿ ನೋಡಿದೆ. ಹತ್ತೊಂಬತ್ತು ನಿಮಿಷ. ಹತ್ತೊಂಬತ್ತು! ಬಕೆಟ್ಟಿನ ಬಟ್ಟೆ ಇನ್ನೂ ನೆನೆಯುತ್ತಲೇ ಇತ್ತು. ಇವರನ್ನು ಹಿಡಿದು ಕುಣಿಯಬೇಕು ಅನ್ನಿಸಿತು. ಸ್ವಿಚ್ಚಿನ ಸಿಟ್ಟು ಇನ್ನೂ ಇದ್ದುದರಿಂದ ಕುಣಿಯಲಿಲ್ಲ.

ಫೆಬ್ರವರಿ ೧೫

ಅವಳನ್ನು ಕರೆದೆ. ಬೇಕೆಂದೇ ಕರೆದೆ. ಕುರ್ಚಿ ಎಳೆದು ಕೂರಿಸಿ, ಅವಳ ಎದುರೇ ರೆಂಡರ್ ಹಾಕಿದೆ.

“ಹೊಸದು ಕಣೇ. ಯಾರೂ ಮುಟ್ಟದ್ದು. ಕವರ್ ಒಡೆದು ಹಾಕಿದ್ದು.”

ಕವರ್ ನಾನು ಕಂಡೇ ಇಲ್ಲ. ಆದರೂ ಬಾಯಿಗೆ ಬಂತು, ಹೇಳಿದೆ. ಅವಳು ಡಬ್ಬವನ್ನೇ ಸ್ವಲ್ಪ ಹೊತ್ತು ನೋಡಿದಳು.

“ಚೆನ್ನಾಗಿದೆ ಅಕ್ಕಾ. ನಿಂಗೆ ಒಪ್ಪುತ್ತೆ.”

“ಹತ್ತೊಂಬತ್ತು ನಿಮಿಷ. ನಿಂದು?”

“ನಂದೂ ಈಗ ಅಷ್ಟೇ.”

ಸುಳ್ಳಿ. ಹದಿನೈದು ಅಂತ ನನಗೆ ಗೊತ್ತಿಲ್ಲವೇ? ನನ್ನನ್ನು ಸಮಾಧಾನ ಮಾಡುವಷ್ಟು ದೊಡ್ಡವಳಾಗಿಬಿಟ್ಟಳು. ಹೊಟ್ಟೆ ಉರಿದುಕೊಳ್ಳಲಿ ಅಂತ ಕರೆದರೆ ನಕ್ಕು ಎದ್ದು ಹೋದಳು. ಉರಿ ನನಗೇ ಉಳಿಯಿತು.

ಫೆಬ್ರವರಿ ೨೦, ಸಂಜೆ ೭

ಹತ್ತಕ್ಕೆ ಅಳತೆ ಬಂತು. ಎದ್ದದ್ದು ಎರಡೇ ಸಲ. ಮೂರೂವರೆಗೆ ಕಳಿಸಿದೆ. ಬೆಳಕು ಕಿಟಕಿಯಿಂದ ಹಾಸಿಗೆಯ ಮಡಿಕೆಯ ಮೇಲೆ ಬೀಳುವಂತೆ ಮಾಡಿದ್ದೆ. ಚೆನ್ನಾಗಿ ಬಂದಿತ್ತು, ನಾನೇ ಹೇಳಿಕೊಳ್ಳಬೇಕು.

ಐದಕ್ಕೆ ಯಜಮಾನರ ಫೋನ್.

“ಎರಡೂ ಚೆನ್ನಾಗಿವೆ. ಯಾವುದು ಅಂತ ಹೇಳೋದೇ ಕಷ್ಟ. ತಂಗಿಯವರದು ಮೊದಲೆಲ್ಲ ನಿಮಗಿಂತ ಎಷ್ಟೋ ಮುಂಚೆ ಬರ್ತಿತ್ತು, ಈ ಸಲ ಹತ್ತು ನಿಮಿಷ ಹಿಂದೆ. ಏನಾಯ್ತಮ್ಮಾ ಅವರಿಗೆ?”

ಏನೂ ಆಗಿಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. ಅವಳನ್ನೇ ಕೇಳಿ ಅನ್ನಬಹುದಿತ್ತು.

“ಅವಳ ಮೆಷಿನ್ ಈಚೆಗೆ ಕೈಕೊಡ್ತಿದೆ ಸರ್,” ಅಂದೆ. “ನಲವತ್ತು ರೂಮು ತಡೆಯಲ್ಲ ಅದು. ಅವಳು ಬಾಯಿಬಿಟ್ಟು ಹೇಳಲ್ಲ, ಪಾಪ.”

ಆ ‘ಪಾಪ’ವನ್ನು ಎಷ್ಟು ಚೆನ್ನಾಗಿ ಅಂದೆ!

ಫೆಬ್ರವರಿ ೨೧

ನನಗೇ ಸಿಕ್ಕಿತು.

ಫೆಬ್ರವರಿ ೨೨

ಬಂದಳು. ಮುಖ ಬಾಡಿತ್ತು, ಆದರೂ ನನ್ನ ಎರಡೂ ಕೈ ಹಿಡಿದುಕೊಂಡಳು. “ನಿಂಗೆ ಸಿಕ್ಕಿದ್ದು ಸಂತೋಷ ಕಣೇ,” ಅಂದಳು. ಆಮೇಲೆ,

“ಒಂದು ಅರ್ಥ ಆಗ್ತಿಲ್ಲ ಅಕ್ಕಾ. ನನ್ನ ಮೆಷಿನ್ ನಿಧಾನ ಆಗಿದೆ ಅಂತ ಯಜಮಾನರಿಗೆ ಯಾರೋ ಹೇಳಿದಾರೆ. ಅದು ಭಾವಂಗೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ಭಾವ ಹೇಳೋರಲ್ಲ.”

ನಿಜವಾಗಿಯೂ ನಿಧಾನವಾಗಿದೆಯಾ? ನಾನು ಬಾಯಿಗೆ ಬಂದದ್ದು ಹೇಳಿದ್ದೆ, ಅಷ್ಟೇ. ಅದನ್ನು ಬಿಟ್ಟು ಇನ್ನೊಂದು ಮಾತು ತಲೆಗೆ ಹೊಕ್ಕಿತು: ಇವಳ ಮೆಷಿನ್ ವಿಷಯ ನನ್ನ ಗಂಡನಿಗೆ ಯಾಕೆ ಗೊತ್ತಿರಬೇಕು?

“ಯಾರು ಹೇಳಿದ್ರೋ ಏನೋ,” ಅಂದೆ. “ಊರೆಲ್ಲ ಬಾಯಿ.”

ಮಾರ್ಚ್ ೯, ಬೆಳಿಗ್ಗೆ ೧೧

ಎರಡು ವಾರ ಬರೆದಿಲ್ಲ. ಹನ್ನೊಂದು ರೂಮು ಮುಗಿದಿವೆ. ಅವಳು ಔಷಧಿ ಅಂಗಡಿಗೆ ಸೇರಿದಳು, ನನ್ನ ಹಳೆಯ ಕೌಂಟರಿಗೇ. ಬೆಳಿಗ್ಗೆ ಒಂಬತ್ತೂವರೆಗೆ ಹೋಗುತ್ತಾಳೆ. ನಾನು ಕಿಟಕಿಯ ಪರದೆ ಎಳೆದುಕೊಂಡು ಕೂರುತ್ತೇನೆ. ಇವತ್ತು ಅವಳಿಗೆ ರಜ, ಪರದೆ ಸಂದಿಯಿಂದ ಕಂಡಳು.

ಕಸ ಗುಡಿಸಲು ಮೇಜು ಸರಿಸಿದ್ದೇ ತಪ್ಪಾಯಿತು. ಸ್ವಿಚ್ ಹಾಕಿದರೆ ಬೀಪ್, ಬೀಪ್, ಬೀಪ್. ಸ್ಕ್ರೀನ್ ಕಪ್ಪು. ಸಂಜೆಯೊಳಗೆ ಹನ್ನೆರಡನೇ ರೂಮು ಕಳಿಸಬೇಕು. ಊದುಗೊಳವೆಗೆ ಫೋನ್ ಮಾಡಿದೆ.

“ರ್‍ಯಾಮ್ ಅಲುಗಾಡಿದೆ, ಅಷ್ಟೇ ಅಮ್ಮಾ. ವೈರ್ ಕಿತ್ತುಬಿಡಿ. ಮೈಮೇಲಿನ ಕರೆಂಟು ಇಳಿಯೋಕೆ ಕಿಟಕಿ ಕಂಬಿ ಒಂದ್ಸಲ ಮುಟ್ಟಿ. ನಾಲ್ಕೂ ಪಟ್ಟಿ ಬಿಚ್ಚಿ, ಚಿನ್ನದ ಬಣ್ಣದ ಅಂಚು ಇರುತ್ತಲ್ಲ, ಅದನ್ನ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ, ಮತ್ತೆ ಒತ್ತಿ.” ಆಮೇಲೆ ಏನೋ ನೆನಪಾದವರಂತೆ, “ಅಥವಾ ಬೇಡ, ನೀವು ಮುಟ್ಟಲೇಬೇಡಿ. ನಾನೇ ಬರ್ತೀನಿ.”

ಅವರು ಬರುವವರೆಗೆ ಯಾರು ಕಾಯುತ್ತಾರೆ? ರಬ್ಬರ್ ಹುಡುಕಿದೆ. ಕಂಬಿ ಮುಟ್ಟಿದೆ. ಡಬ್ಬ ಬಿಚ್ಚಿದೆ. ಒಂದು ಪಟ್ಟಿ ತೆಗೆದು ಉಜ್ಜಿದೆ, ನನ್ನ ಹಳೆಯದು. ಎರಡನೆಯದೂ ನನ್ನದೇ. ಮೂರನೆಯದನ್ನು ಬೆಳಕಿಗೆ ಹಿಡಿದೆ.

ಮೂಲೆಯಲ್ಲಿ ಹಸಿರು. ಪುಟ್ಟ ಗುಣಾಕಾರ ಚಿಹ್ನೆ.

ನಾಲ್ಕನೆಯದರಲ್ಲೂ.

೧೧-೪೦

ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದೇನೆ. ಸ್ವಿಚ್ಚೂ ಇಲ್ಲ, ಗುಸುಗುಸುವೂ ಇಲ್ಲ. ಬ್ಯಾಗಿಗೆ ಹಾಕಿಕೊಂಡಿದ್ದು ಇದು. ನನಗೆ ಅವಮಾನ ಆಗಬಾರದು ಅಂತ ಇಬ್ಬರೂ ಸೇರಿ ಬಚ್ಚಿಟ್ಟರು. ‘ಯಾರೂ ಮುಟ್ಟದ್ದು’ ಅಂತ ಅವಳ ಮುಖಕ್ಕೇ ಹೇಳಿದೆನಲ್ಲ. ಒಪ್ಪುತ್ತೆ ಅಂದಳಲ್ಲ. ನಂದೂ ಈಗ ಅಷ್ಟೇ ಅಂದಾಗ ನಿಜವನ್ನೇ ಹೇಳಿದ್ದಳು.

ಅವಳ ಮೆಷಿನ್ ನಿಧಾನ ಅಂತ ಚಾಡಿ ಹೇಳಿದೆ. ನಿಧಾನವಾಗಿದ್ದು ಯಾಕೆ? ಅರ್ಧ ನನ್ನ ಡಬ್ಬದಲ್ಲಿತ್ತು.

ನಾಚಿಕೆಯಾಗುತ್ತಿದೆ. ಅದಕ್ಕಿಂತ ಕೆಟ್ಟದ್ದನ್ನೂ ಬರೆದುಬಿಡುತ್ತೇನೆ, ಯಾರೂ ಓದುವುದಿಲ್ಲ: ಈಗಲೂ ಹೊಟ್ಟೆ ಉರಿಯುತ್ತಿದೆ. ಒಳ್ಳೆಯತನದಲ್ಲೂ ಅವಳೇ ಮುಂದೆ ಹೋದಳಲ್ಲ ಅಂತ. ಎಂಥ ಹೆಂಗಸು ನಾನು!

ಫೋನ್ ಕೈಗೆ ತೆಗೆದುಕೊಂಡೆ. ಯಜಮಾನರ ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಇಟ್ಟೆ. ಮೊದಲು ಅವಳಿಗೆ ಹೇಳಬೇಕು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಊದುಗೊಳವೆ ಅವಳಿಗೆ ಫೋನ್ ಮಾಡಿರಬೇಕು.

“ಅಕ್ಕಾ, ಮೆಷಿನ್ ಕೆಟ್ಟಿದೆಯಂತೆ? ನಂದು ಖಾಲಿ ಇದೆ, ಬಾ, ಅಲ್ಲೇ ಕೂತು ಮುಗಿಸ್ಕೊ.”

ಬಾಗಿಲು ತಟ್ಟುತ್ತಿದ್ದಾಳೆ. ಪಟ್ಟಿಗಳು ಮೇಜಿನ ಮೇಲೇ ಇವೆ. ಮುಚ್ಚುವುದಿಲ್ಲ. ಬಾಗಿಲು ತೆಗೆದ ಕೂಡಲೇ, ಅವಳು ಬಾಯಿ ತೆರೆಯುವ ಮೊದಲೇ ಹೇಳಿಬಿಡಬೇಕು, ಯಜಮಾನರಿಗೆ ಹೇಳಿದ್ದು ಬೇರೆ ಯಾರೂ ಅಲ್ಲ ಕಣೇ, ನಾ