ಟೇಪಿನ ಮೇಲೆ ಹಾಕಿದ ತಪ್ಪು

ಮೇ ೪, ಬೆಳಗ್ಗೆ

ಅಕ್ಕನ ಗೌನಿಗೆ ಅಳತೆ ತೆಗೆದೆ. ಭುಜದಿಂದ ಹಿಮ್ಮಡಿಗೆ ಐವತ್ತೊಂದು ಇಂಚು. ಹೋದ ವರ್ಷ ಐವತ್ತೆರಡಿತ್ತು. ಟೇಪು ಕೈಕೊಟ್ಟಿದೆ. ಎಳೆದೂ ಎಳೆದೂ ಟೇಪು ಜಗ್ಗಿದರೆ ಅಳತೆ ಕಮ್ಮಿ ತೋರಿಸುತ್ತದೆ — ಮೂವತ್ತು ವರ್ಷದಿಂದ ಹೊಲಿಯುವವಳಿಗೆ ಅಷ್ಟೂ ಗೊತ್ತಿರಬೇಡವೇ. ಕಸಕ್ಕೆ ಎಸೆದು ಹೊಸದು ತಂದೆ. ಅದರಲ್ಲೂ ಐವತ್ತೊಂದು!

"ನೆಟ್ಟಗೆ ನಿಲ್ಲೇ ಅಕ್ಕಾ."

"ನಿಂತಿದೀನಲ್ಲೇ. ಇನ್ನೇನು, ಗೋಡೆಗೆ ಮೊಳೆ ಹೊಡೆದು ನೇತುಹಾಕ್ತೀಯಾ?"

"ಹಿಂಗೇ ಕುಗ್ತಾ ಹೋಗು. ಇನ್ನೆರಡು ವರ್ಷಕ್ಕೆ ನಿನಗೆ ಮಕ್ಕಳ ಯೂನಿಫಾರ್ಮೇ ಆಗುತ್ತೆ."

"ಆಗ್ಲಿ, ಸ್ಕೂಲಿಗೂ ಸೇರಿಸ್ಬಿಡು. ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗಿ ತಿರುಗಿ ಏಳನೇ ಕ್ಲಾಸಿಗೇ ಬಿಟ್ಟಿದ್ದು ನಾನು."

ಇಬ್ಬರೂ ನಕ್ಕೆವು. ಅಂಗಡಿಯಲ್ಲಿ ನಾವಿಬ್ಬರೇ, ಮನೆಯಲ್ಲೂ ನಾವಿಬ್ಬರೇ. ಕತ್ತರಿ, ಮಷಿನ್ನು ನನ್ನದು. ಗುಂಡಿ, ಕಾಜಾ, ಅಂಚು ಅಕ್ಕನದು. ಅವಳಿಗೆ ಅರವತ್ತೇಳು, ನನಗೆ ಐವತ್ತೈದು.

ಮೇ ೯

ಮೇಲಿನ ಶೆಲ್ಫಿನಿಂದ ಬಟ್ಟೆ ಇಳಿಸಲು ಅಕ್ಕ ಸ್ಟೂಲು ಹತ್ತಿದಳು. ಮುಂಚೆ ಕೈ ಚಾಚಿದರೆ ಸಿಗುತ್ತಿತ್ತು. "ಶೆಲ್ಫು ಬೆಳೀತಾ ಇದೆ ಕಣೇ," ಅಂದಳು. ಬೆನ್ನಲ್ಲಿ ಮತ್ತೆ ಚಳಕಂತೆ. ಬಿಸಿನೀರಿನ ಚೀಲ ಕೊಟ್ಟೆ.

ಮೇ ೧೪

ಎದುರಿನ ಕ್ಲಿನಿಕ್ಕಿನಲ್ಲಿ ಐವತ್ತು ದಾಟಿದ ಹೆಂಗಸರಿಗೆ ಮೂಳೆ ಪರೀಕ್ಷೆ. ಸಾಲು ಚಿಕ್ಕದಿತ್ತು, ಹೋದೆ. ಹಿಮ್ಮಡಿಯನ್ನು ಒಂದು ಡಬ್ಬಿಯೊಳಗೆ ಇಡಿಸಿದರು, ಅಷ್ಟೇ. ನನ್ನದು ಸ್ವಲ್ಪ ಕಮ್ಮಿ ಇದೆಯಂತೆ.

"ಮನೇಲಿ ಯಾರಿಗಾದ್ರೂ ಬೆನ್ನು ಬಾಗಿದ್ಯಾಮ್ಮ? ಎತ್ತರ ಕಮ್ಮಿಯಾಗಿದ್ಯಾ?" ನರ್ಸ್ ಕೇಳಿದಳು.

"ನಮ್ಮಕ್ಕಂಗೆ... ಇಲ್ಲಪ್ಪ, ಅದು ಟೇಪು..." ಅಂದೆ.

ಅಕ್ಕನಿಗೆ ಮುಟ್ಟು ಯಾವಾಗ ನಿಂತಿತು ಅಂತ ಕೇಳಿದಳು. ನಲವತ್ತೊಂದಕ್ಕೇ, ಗರ್ಭಕೋಶ, ಅಂಡಾಶಯ ಎರಡೂ ತೆಗೆದಾಗ. ನರ್ಸಿನ ಪೆನ್ನು ನಿಂತಿತು. "ಬೆನ್ನುಮೂಳೆ ಒಳಗೊಳಗೇ ಕುಸೀತಾ ಬಂದಿರಬಹುದು. ಈ ಡಬ್ಬಿ ಸಾಲಲ್ಲ. ದೊಡ್ಡಾಸ್ಪತ್ರೇಲಿ ಸ್ಕ್ಯಾನ್ ಮಾಡ್ಸಿ. ಗೊತ್ತಾದ್ರೆ ಮಾತ್ರೆ ಇದೆ, ಇಂಜೆಕ್ಷನ್ ಇದೆ. ಅಲ್ಲೀವರೆಗೆ ಬೀಳದ ಹಾಗೆ ನೋಡ್ಕೊಳ್ಳಿ. ತಡ ಮಾಡ್ಬೇಡಿ."

ಅದೇ ದಿನ, ಸಂಜೆ

ಅಳತೆ ಪುಸ್ತಕ ತೆಗೆದೆ. ವರ್ಷಕ್ಕೊಂದು ಗೌನು, ವರ್ಷಕ್ಕೊಂದು ಸಾಲು. ಐವತ್ತೈದು. ಐವತ್ತನಾಲ್ಕೂವರೆ. ಐವತ್ತನಾಲ್ಕು. ಐವತ್ತಮೂರು... ಹದಿನಾರು ವರ್ಷ. ಎಲ್ಲ ನನ್ನದೇ ಅಕ್ಷರ.

ಒಂದು ಸಾಲಿನ ಪಕ್ಕ ಬರೆದುಕೊಂಡಿದ್ದೇನೆ: "ಮುಂದೆ ನೆಲ ಗುಡಿಸುತ್ತದೆ, ಹಿಂದೆ ಮೇಲೇರುತ್ತದೆ. ಬೆನ್ನಿಗೆ ಒಂದಿಂಚು ಹೆಚ್ಚು ಬಿಡು." ಬಿಟ್ಟೆ. ಗೂನು ಕಾಣದ ಹಾಗೆ ಕತ್ತರಿಸಿದೆ. "ನಿಮ್ಮ ಕೈಗೆ ಏನು ಹೇಳೋದು, ಅಕ್ಕ ಎಷ್ಟು ನೆಟ್ಟಗೆ ಕಾಣ್ತಾರೆ," ಅಂದವರ ಮಾತಿಗೆ ಉಬ್ಬಿದೆ. ಬೆನ್ನು ನೋವೆಂದು ಎರಡು ಸಲ ಡಾಕ್ಟರ ಹತ್ತಿರ ಹೋದಾಗಲೂ ನಾನು ಹೊಲಿದ ಗೌನೇ ತೊಟ್ಟಿದ್ದಳು. "ವಯಸ್ಸಾಯ್ತಲ್ಲಮ್ಮ," ಅಂದು ಕಳಿಸಿದರು. ಆ ಮಹಾರಾಯ ಗೌನು ಸರಿಸಿ ನೋಡಲಿಲ್ಲ. ಅವನನ್ನು ಬೈಯಲು ನನಗೇನು ಯೋಗ್ಯತೆ. ನಾನು ಅಳೆದೇ ನೋಡಿದವಳು.

ಮೇ ೧೬

ಸ್ಕ್ಯಾನಿಗೆ ದಿನ ಸಿಕ್ಕಿತು. ೨೩, ಬೆಳಗ್ಗೆ ಹತ್ತಕ್ಕೆ. ಸ್ಟೂಲನ್ನು ಹಿಂದಿನ ಕೋಣೆಗೆ ಹಾಕಿ ಬೀಗ ಜಡಿದೆ.

"ನನ್ನನ್ನೂ ಒಳಗೆ ಹಾಕಿ ಬೀಗ ಹಾಕ್ಬಿಡು," ಅಂದಳು ಅಕ್ಕ.

ಮೇ ೨೨, ಮಧ್ಯಾಹ್ನ

ಶಾಲೆಯ ದೊಡ್ಡ ಟೀಚರ ಫೋನು. ಎಂಬತ್ತು ಯೂನಿಫಾರ್ಮು ೨೭ರೊಳಗೆ ಬೇಕೇ ಬೇಕಂತೆ. ಇಲ್ಲದಿದ್ದರೆ ಬೇರೆ ಕಡೆ ಕೊಡುತ್ತಾರಂತೆ.

"ನಾಳೆ ಅಲ್ಲಿ ಹೋಗಿ ಕೂತ್ರೆ ಗುಂಡಿ ಹಾಕೋಳು ಯಾರೇ? ಮುಂದಕ್ಕೆ ಹಾಕ್ಸು," ಅಂದಳು ಅಕ್ಕ. ನಾನು ಹೂಂ ಅಂದೆ. ಎರಡು ಸಲ ಹೇಳಿಸಿಕೊಳ್ಳಲೂ ಇಲ್ಲ. ಆಸ್ಪತ್ರೆಯವರು ಜೂನ್ ೨ ಕೊಟ್ಟರು. ಇಷ್ಟು ವರ್ಷ ನಿಂತ ಬೆನ್ನು ಇನ್ನು ಹತ್ತು ದಿನ ನಿಲ್ಲದೇ?

ಮೇ ೨೫

ಐವತ್ತೆಂಟು ಮುಗಿದವು. ಕಾಲು ಊದಿವೆ. ಅಕ್ಕನ ಬೆರಳಿಗೆ ಸೂಜಿ ಚುಚ್ಚಿದ ಗುರುತು ಎಣಿಸಲಾರೆ.

ಮೇ ೩೦

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

೨೬, ಹನ್ನೊಂದು ಗಂಟೆ. ಮಷಿನ್ನಿನಿಂದ ತಲೆ ಎತ್ತಲಿಲ್ಲ. "ಅಕ್ಕಾ, ನೀಲಿ ದಾರ ಮುಗೀತು," ಅಂದೆ. ಅಷ್ಟೇ. ದಾರದ ಡಬ್ಬ ಮೇಲಿನ ಶೆಲ್ಫಿನಲ್ಲಿ. ಸ್ಟೂಲಿಗೆ ನಾನೇ ಬೀಗ ಹಾಕಿದ್ದೆ. ಅಕ್ಕ ಕುರ್ಚಿ ಹತ್ತಿದಳು. ಗ್ರಾಹಕರಿಗೆಂದು ಇಟ್ಟ ಮಡಚುವ ಕುರ್ಚಿ. ಅದು ಮಡಚಿಕೊಂಡಿತು.

ಓಡಿಹೋದೆ. ಒಂದು ಕಾಲು ಹೊರಕ್ಕೆ ತಿರುಗಿ ಬಿದ್ದಿತ್ತು. ಮುಖ ಸುಣ್ಣ. ಮುಷ್ಟಿ ಬಿಚ್ಚಿದಳು.

"ತಗೋ. ನೀಲಿ."

ಜೂನ್ ೨

ಹತ್ತೂಕಾಲಿಗೆ ಫೋನು. "ಇವತ್ತು ನಿಮ್ಮ ಅಕ್ಕನ ಸ್ಕ್ಯಾನ್ ಇತ್ತಲ್ಲ ಮೇಡಂ, ಯಾಕೆ ಬಂದಿಲ್ಲ?"

"ಬಂದಿದೀವಮ್ಮ. ನಿಮ್ಮ ತಲೆ ಮೇಲೇ, ಮೂರನೇ ಮಹಡೀಲಿ ಇದೀವಿ."

ಸೊಂಟದ ಹತ್ತಿರ ತೊಡೆಮೂಳೆಗೆ ಕಬ್ಬಿಣ ಹಾಕಿದ್ದಾರೆ. ಬೆನ್ನಿನ ಫೋಟೋದಲ್ಲಿ ನಾಲ್ಕು ಹಳೇ ಮುರಿತ — ನನ್ನ ನಾಲ್ಕು ಬಿಸಿನೀರಿನ ಚೀಲ. ಎದ್ದರೂ ವಾಕರ್ ಹಿಡಿದೇ ನಡೆಯಬೇಕಂತೆ. ಏಳುತ್ತಾಳೆ ಅಂತಲೂ ಖಂಡಿತ ಹೇಳಲಿಲ್ಲ. ಡಾಕ್ಟರು ಚಿಕ್ಕ ಹುಡುಗಿ. "ಇಷ್ಟು ಕುಗ್ಗಿದಾರೆ, ಮನೇಲಿ ಯಾರೂ ಗಮನಿಸಲಿಲ್ವಾ?" ಅಂದಳು.

ಗಮನಿಸಿದ್ದೆ ತಾಯಿ. ಬರೆದೂ ಇಟ್ಟಿದ್ದೆ.

ಜೂನ್ ೫

ಎಂಬತ್ತು ಯೂನಿಫಾರ್ಮೂ ಅಂಗಡಿಯಲ್ಲೇ ಇವೆ. ಕೊನೆಯ ಹನ್ನೆರಡಕ್ಕೆ ಗುಂಡಿ ನಾನೇ ಹಾಕಿದೆ, ವಕ್ರವಕ್ರ. ದೊಡ್ಡ ಟೀಚರು ಮುಂದಿನ ವಾರ ಬಂದು ಒಯ್ಯುತ್ತಾರಂತೆ. ಅವಸರವೇನಿಲ್ಲವಂತೆ.

ಜೂನ್ ೯, ಬೆಳಗ್ಗೆ

ಆಸ್ಪತ್ರೆಯ ಅಂಗಿ ಅಕ್ಕನಿಗೆ ಹಿಡಿಸಲಿಲ್ಲ. "ಗೋಣಿಚೀಲ. ನೀನೇ ಒಂದು ಹೊಲಿ. ಮುಂದೆ ಪೂರ್ತಿ ಗುಂಡಿ ಇಡು, ಈ ಹುಡುಗೀರಿಗೆ ತೊಡಿಸೋಕೆ ಸುಲಭ ಆಗ್ಲಿ." ಮಲಗಿಸಿಯೇ ಅಳತೆ ತೆಗೆದೆ. ಸರಿಯಿರುವ ಕಾಲಿನ ಕಡೆಯಿಂದ. ಮೂರು ಸಲ.

"ಎಷ್ಟು ಬಂತೇ?"

"ಐವತ್ತೊಂದು."

"ಸುಳ್ಳಿ. ಟೇಪು ತೋರ್ಸು."

"ಟೇಪು ಸರಿಯಿಲ್ಲ ಅಕ್ಕಾ."

ನಗಲು ಹೋದಳು. ನೋವು ಬಿಡಲಿಲ್ಲ. ನನ್ನ ಕೈ ಹಿಡಿದುಕೊಂಡಳು. "ಈ ಸಲ ಬೆನ್ನಿಗೆ ಏನೂ ಬಿಡ್ಬೇಡ ಕಣೇ. ಹೇಗಿದ್ಯೋ ಹಾಗೇ ಹೊಲಿ."

ಪುಸ್ತಕ ತೆರೆದು ಕೂತಿದ್ದೇನೆ. ಹದಿನಾರು ಸಾಲಿನ ಕೆಳಗೆ ಹದಿನೇಳನೆಯದು. ಅಕ್ಕ. ಭುಜದಿಂದ ಹಿಮ್ಮಡಿಗೆ —